ಒಂದೇ ನೆಲದ ಮೇಲೆ ನಿಂತ ಸಾಕ್ಷಿಗಳು

ದೀಪ ಮೊದಲು ಹತ್ತಿದ್ದು ಭರಮಸಾಗರದ ಇಳಿಜಾರಿನಲ್ಲಿ, ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ. ನನ್ನ ತಮ್ಮ ತಿಪ್ಪೇರುದ್ರಪ್ಪ ಕಾರು ಓಡಿಸುತ್ತಿದ್ದ. ನಾನು ಅವನ ಪಕ್ಕದಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಕರಿಬಸಮ್ಮ ಟೀಚರ್ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ವಾರಕ್ಕೆ ಮೂರು ಸಲ ಅವರನ್ನು ಚಿತ್ರದುರ್ಗದಿಂದ ದಾವಣಗೆರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ನಾಲ್ಕು ವರ್ಷಗಳಿಂದ ರುದ್ರನ ಕೆಲಸ. ಇಳಿಜಾರು ಮುಗಿಯುವಲ್ಲಿ ಎಂಜಿನ್ ಒಮ್ಮೆ ಮುಗ್ಗರಿಸಿತು. ಇನ್ನೊಂದು ಮೆಟ್ಟಿಲಿದೆಯೆಂದು ಕಾಲಿಟ್ಟವನಿಗೆ ಅದು ಇಲ್ಲದೆ ಹೋದಾಗ ಆಗುವಂಥ ಒಂದು ಸಣ್ಣ ಅವಮಾನ, ಅಷ್ಟೆ. ಅದೇ ಕ್ಷಣದಲ್ಲಿ ಮುಂದಿನ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ, ಅದರ ಬದಿಗೆ ಸ್ಟೀರಿಂಗಿನ ಕೆಂಪು ದೀಪ. ನಾನು ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಎರಡೂ ಆರಿದ್ದವು.

“ನೋಡಿದ್ಯಾ ಅಣ್ಣ?”

“ಏನನ್ನ?”

“ಹೋತು ಬಿಡು. ನೀನು ಕನ್ನಡಕ ಹಾಕ್ಕೊಳ್ಳೋ ಹೊತ್ತಿಗೆ ದೇವರು ಪ್ರತ್ಯಕ್ಷ ಆಗಿ ವಾಪಸ್ ಹೋಗಿರ್ತಾನೆ.”

ಟೀಚರ್ ನಕ್ಕರು. “ರುದ್ರಪ್ಪ, ನಿನ್ನ ಗಾಡಿ ನನ್ನ ಜಾತಿದು. ಡಾಕ್ಟ್ರ ಮುಂದೆ ಕೂತರೆ ಎಲ್ಲಾ ಸರಿಯಾಗಿರುತ್ತೆ. ಎದ್ದು ಹೊರಗೆ ಬಂದ ಮೇಲೆ ಶುರು.”

ಎಲ್ಲರೂ ನಕ್ಕೆವು. ಫಲಕದ ಹಿಂದೆ ಕೂತಿದ್ದ ಕಪ್ಪು ಪೆಟ್ಟಿಗೆ ನಗಲಿಲ್ಲ. ಅದು ಬರೆದುಕೊಂಡಿತು.

ಅಷ್ಟು ಹೊತ್ತಿಗೆ ರಸ್ತೆಗಿಳಿಯುವ ಪ್ರತಿ ವಾಹನದಲ್ಲೂ, ಓಡಿಸುವವರ ಗುರುತನ್ನೂ ಹಿಡಿಯುವ, ಅಂಗೈಯಗಲದ ಆ ಪೆಟ್ಟಿಗೆ ಕಡ್ಡಾಯವಾಗಿ ಎರಡು ವರ್ಷವಾಗಿತ್ತು. ಜನ ಅದನ್ನು ‘ಸಾಕ್ಷಿ’ ಎನ್ನುತ್ತಿದ್ದರು. ಅಪಘಾತವಾದ ಮೇಲೆ ತಪ್ಪು ಯಾರದೆಂದು ಹುಡುಕುವ ಬದಲು, ತಪ್ಪು ಯಾರಿಂದ ಆಗಲಿದೆಯೆಂದು ಮೊದಲೇ ತಿಳಿದುಕೊಳ್ಳಬಹುದಾದರೆ? ಈ ಒಂದು ಪ್ರಶ್ನೆಯಿಂದ ಹುಟ್ಟಿದ್ದು ರಸ್ತೆ ಸಾಕ್ಷಿ ಕೇಂದ್ರ. ಊರ ಹೊರಗೆ, ಗಾಳಿಯಂತ್ರಗಳ ಗುಡ್ಡದ ಬುಡದಲ್ಲಿ ಅದರ ಕಟ್ಟಡ. ಲಕ್ಷಾಂತರ ಪೆಟ್ಟಿಗೆಗಳು ಕಳುಹಿಸುವ ಸಣ್ಣ ಸಣ್ಣ ನಡುಕಗಳನ್ನು ಅಲ್ಲಿನ ಗಣಕಗಳು ಓದಿ, ಪ್ರತಿ ದೋಷಕ್ಕೂ ಒಬ್ಬ ಒಡೆಯನನ್ನು ಗೊತ್ತುಮಾಡುತ್ತಿದ್ದವು. ಒಡೆಯರು ಮೂವರೇ: ಯಂತ್ರ, ರಸ್ತೆ, ಚಾಲಕ.

ಆ ತೀರ್ಪಿನ ಸೂತ್ರಗಳನ್ನು ಬರೆದವರಲ್ಲಿ ನಾನೂ ಒಬ್ಬ. ಶಾಂತವೀರಪ್ಪ ಎಂಬ ನನ್ನ ಹೆಸರು ಆ ದಾಖಲೆಯ ಕೊನೆಯ ಪುಟದಲ್ಲಿ ಇಂದಿಗೂ ಇದೆ. ನಿವೃತ್ತನಾದ ಮೇಲೂ ವಾರಕ್ಕೆ ಎರಡು ದಿನ ಸಲಹೆಗಾರನಾಗಿ ಹೋಗುತ್ತಿದ್ದೆ. ಸೂತ್ರಗಳಲ್ಲಿ ಎರಡು ಪೂರ್ತಿಯಾಗಿ ನನ್ನವೇ. ಒಂದು: ಯಂತ್ರವು ಮೂರು ಬಾರಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು ನಿರ್ದೋಷಿಯೆಂದು ಹೇಳಿದಲ್ಲಿ, ಅದೇ ರಸ್ತೆಯಲ್ಲಿ ಇತರ ವಾಹನಗಳು ತೊಡಕಿಲ್ಲದೆ ಸಾಗಿದ್ದಲ್ಲಿ, ದೋಷವು ಚಾಲಕನದು. ಎರಡು: ಚಾಲಕನಾಗಲಿ ಮೇಸ್ತ್ರಿಯಾಗಲಿ ಬೇರಾವ ಮನುಷ್ಯನಾಗಲಿ ಹೇಳುವ ಮಾತನ್ನು ಸಾಕ್ಷ್ಯವಾಗಿ ಸ್ವೀಕರಿಸತಕ್ಕದ್ದಲ್ಲ. ಮನುಷ್ಯರು ಪರಿಚಯಕ್ಕೆ, ದಾಕ್ಷಿಣ್ಯಕ್ಕೆ, ಕರುಣೆಗೆ ಸುಳ್ಳು ಹೇಳುತ್ತಾರೆ, ಯಂತ್ರಕ್ಕೆ ನೆಂಟರಿಲ್ಲ. ಈ ವಾಕ್ಯವನ್ನು ಅಂದಿನ ಸಭೆಯಲ್ಲಿ ಹೇಳಿ ನಾನು ಚಪ್ಪಾಳೆ ಗಿಟ್ಟಿಸಿದ್ದೆ.

ಆಮೇಲಿನ ವಾರಗಳಲ್ಲಿ ದೀಪ ಐದಾರು ಸಲ ಹತ್ತಿತು. ಫ್ಯಾನು, ಎಸಿ, ಹೆಡ್‌ಲೈಟು ಎಲ್ಲ ಒಟ್ಟಿಗೆ ನಡೆಯುವಾಗ, ಗಾಡಿ ಏರಿಳಿತದಲ್ಲಿ ಒಲೆಯುವಾಗ ಹತ್ತುತ್ತಿತ್ತು. ರುದ್ರ ಗಾಡಿಯನ್ನು ಮೂರು ಬಾರಿ ಅಧಿಕೃತ ದುರಸ್ತಿ ಕೇಂದ್ರಕ್ಕೆ ಒಯ್ದ. ಮೂರು ಬಾರಿಯೂ ಅಲ್ಲಿಯವರು ಸ್ಟೀರಿಂಗಿನ ಕೆಳಗೆ ತಂತಿ ಚುಚ್ಚಿ, ನಿಂತ ಗಾಡಿಯನ್ನು ಪರೀಕ್ಷಿಸಿ, ‘ದೋಷವಿಲ್ಲ’ ಎಂಬ ಚೀಟಿ ಕೊಟ್ಟರು. ಅವನು ಆ ಮೂರು ಚೀಟಿಗಳನ್ನು ತನ್ನ ಮಗಳ ಅಂಕಪಟ್ಟಿಗಳಂತೆ ಜೋಪಾನವಾಗಿ ಮಡಿಸಿಟ್ಟುಕೊಂಡಿದ್ದ.

ಮೂರನೆಯ ಚೀಟಿ ಬಂದ ಎಂಟನೆಯ ದಿನ ನೋಟೀಸು ಬಂತು. ರುದ್ರನ ಹೆಂಡತಿ ಸರ್ವಮಂಗಳ ಅಡುಗೆಮನೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಅದನ್ನು ಓದಿದಳು. “ಚಾಲಕದೋಷ. ಬಲಪಾದದಲ್ಲಿ ಅನೈಚ್ಛಿಕ ಕಂಪನ. ಪರವಾನಗಿ ರದ್ದು.” ಅವಳು ತಲೆಯೆತ್ತಿ ಗಂಡನ ಪಾದ ನೋಡಿದಳು. ನಾನೂ ನೋಡಿದೆ. ರುದ್ರನೂ ನೋಡಿಕೊಂಡ. ಐವತ್ತೆಂಟು ವರ್ಷ ಅವನನ್ನು ಹೊತ್ತ ಪಾದ, ನಾವು ಮೂವರೂ ನೋಡುತ್ತಿದ್ದಂತೆ ಆರೋಪಿಯಾಯಿತು.

“ಮೂವತ್ತು ವರ್ಷದಾಗ ಒಂದು ನಾಯಿನೂ ನನ್ನ ಗಾಡಿ ಕೆಳಗೆ ಸಿಕ್ಕಿಲ್ಲ,” ಎಂದ ಅವನು. “ಅಣ್ಣ, ನಿನ್ನ ಆಫೀಸಿನಾಗ ವಿಚಾರಿಸಿ ನೋಡು. ಏನೋ ಅದಲುಬದಲಾಗೈತೆ.”

ಮರುದಿನ ಕೇಂದ್ರದಲ್ಲಿ ಸಿಂಚನಾ ಆ ಕಡತ ತೆರೆದಳು. ಮೇಲ್ಮನವಿಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಚುರುಕಿನ ಅಧಿಕಾರಿ. ಗೋಡೆಯಗಲದ ಪರದೆಯ ಮೇಲೆ ಎರಡು ಗೆರೆಗಳು ಮೂಡಿದವು.

“ಆಕ್ಸಿಲರೇಟರ್ ಪೆಡಲಿನಲ್ಲಿ ಎರಡು ಸೆನ್ಸರ್ ಇದಾವಲ್ಲ ಸಾರ್, ಒಂದು ಕೆಟ್ಟರೆ ಇನ್ನೊಂದು ಹಿಡಿದುಕೊಡಲಿ ಅಂತ. ನೋಡಿ, ಎರಡೂ ಒಂದೇ ಕ್ಷಣ, ಒಂದೇ ಅಳತೆ ನಡುಗಿವೆ. ಸೆನ್ಸರ್ ಕೆಟ್ಟಿದ್ದರೆ ಒಂದು ಮಾತ್ರ ನಡುಗಬೇಕಿತ್ತು. ಎರಡೂ ನಡುಗಿವೆ ಅಂದರೆ, ಪೆಡಲೇ ನಡುಗಿದೆ. ಪೆಡಲು ನಡುಗಿದೆ ಅಂದರೆ...”

“ಕಾಲು,” ಎಂದೆ ನಾನು.

“ನೀವು ಬರೆದಿದ್ದೇ ಸಾರ್ ಇದು.”

ಎರಡು ಸಾಕ್ಷಿಗಳು ಅಕ್ಷರ ತಪ್ಪದೆ ಒಂದೇ ಹೇಳಿಕೆ ಕೊಟ್ಟರೆ ಅನುಭವಿ ನ್ಯಾಯಾಧೀಶ ಸಂಶಯಪಡುತ್ತಾನಂತೆ. ನಾನು ನ್ಯಾಯಾಧೀಶನಲ್ಲ, ಎಂಜಿನಿಯರು. ಆ ಜೋಡಿ ಗೆರೆಗಳ ಅಂದಕ್ಕೆ ಸೋತು ನಂಬಿದೆ. ಸಂಜೆ ಮನೆಗೆ ಬಂದವನನ್ನು ರುದ್ರ ಕೇಳಿದ: “ಏನಂತೆ?”

“ಗ್ರಾಫು ಸುಳ್ಳು ಹೇಳಲ್ಲ ರುದ್ರ. ಒಂದಷ್ಟು ದಿನ ವಿಶ್ರಾಂತಿ ತಗೋ. ನರದ ಡಾಕ್ಟರಿಗೆ ತೋರಿಸೋಣ.”

ನರದ ಡಾಕ್ಟರು ಏನೂ ಕಾಣುತ್ತಿಲ್ಲ ಎಂದರು. ಶುರುವಿನಲ್ಲಿ ಕಾಣದೆಯೂ ಇರಬಹುದು ಎಂದೂ ಸೇರಿಸಿದರು. ಆ ಎರಡನೆಯ ಮಾತನ್ನಷ್ಟೇ ರುದ್ರ ಮನೆಗೆ ತಂದ. ಅಂದಿನಿಂದ ಅವನು ಕಾಫಿಯನ್ನು ಅರ್ಧ ಲೋಟ ಮಾತ್ರ ಹಾಕಿಸಿಕೊಳ್ಳುತ್ತಿದ್ದ, ತುಳುಕೀತೆಂದು. ಒಂದು ಮಧ್ಯಾಹ್ನ ನಾನು ಒಳಗೆ ಹೋದಾಗ ಕುರ್ಚಿಯಲ್ಲಿ ಕೂತು, ಬಲಪಾದವನ್ನು ದಿನಪತ್ರಿಕೆಯ ಒಂದು ಹಾಳೆಯ ಮೇಲಿಟ್ಟು, ಕಾಗದದ ಅಂಚು ಅಲುಗುತ್ತದೆಯೇ ಎಂದು ನೋಡುತ್ತಿದ್ದ. ಫ್ಯಾನಿನ ಗಾಳಿಗೆ ಅದು ಅಲುಗುತ್ತಿತ್ತು.

“ನೋಡು,” ಎಂದ, ಯಾವುದೋ ಕರಾರಿಗೆ ಒಪ್ಪಿಕೊಂಡವನ ಧ್ವನಿಯಲ್ಲಿ.

ಟೀಚರಿಗೆ ಮಾತ್ರ ವಾರಕ್ಕೆ ಮೂರು ದಿನ ಹೋಗಲೇಬೇಕಿತ್ತು. ರಕ್ತ ಯಾವ ಮೇಲ್ಮನವಿಗೂ ಕಾಯುವುದಿಲ್ಲ. ಮಂಗಳಳಿಗೆ ಪರವಾನಗಿಯಿತ್ತು, ಊರೊಳಗೆ ಓಡಿಸಿ ಅಭ್ಯಾಸವೂ ಇತ್ತು. ಹೆದ್ದಾರಿಗೆ ಇಳಿಯುವ ಮುಂಚೆ ಒಮ್ಮೆ ಆಯಿಲ್ ಬದಲಿಸಿಕೊಂಡು ಬರುತ್ತೇನೆಂದು ಗಾಡಿಯನ್ನು ದಸ್ತಗೀರ್ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದಳು. ನಮ್ಮ ಅಪ್ಪನ ಲಾರಿಯ ಕಾಲದಿಂದಲೂ ನಮ್ಮ ಮನೆಯ ಗಾಡಿಗಳನ್ನು ನೋಡಿದವರು ಅವರು. ಸಂಜೆ ಗಾಡಿ ವಾಪಸು ಬಂತು. ಆಗಸ್ಟಿನಿಂದ ಮಂಗಳ ಓಡಿಸತೊಡಗಿದಳು. ದೀಪ ಹತ್ತಲಿಲ್ಲ. ಎಂಜಿನ್ ನಿದ್ದೆಯಲ್ಲಿರುವ ಕೂಸಿನಂತೆ ಉಸಿರಾಡಿತು. ಒಂದು ವಾರ, ಎರಡು ವಾರ, ಒಂದು ತಿಂಗಳು.

ಸೆಪ್ಟೆಂಬರಿನಲ್ಲಿ ಎರಡನೆಯ ಪತ್ರ ಬಂತು: ‘ಚಾಲಕನನ್ನು ಬದಲಿಸಿದ ನಂತರ ದೋಷವು ಮರುಕಳಿಸಿಲ್ಲ. ತೀರ್ಮಾನವನ್ನು ದೃಢಪಡಿಸಲಾಗಿದೆ. ಕಡತ ಮುಕ್ತಾಯ.’

ರುದ್ರ ಅದನ್ನು ಎರಡು ಸಲ ಓದಿದ. “ಸರಿಯಾಗೇ ಹೇಳ್ಯಾರ,” ಎಂದ. “ನನ್ನ ಹೆಂಡ್ತಿ ಕೈಗೆ ಹೋದ ಕೂಡ್ಲೆ ಗಾಡಿ ಗುಣ ಆತು.”

“ಹೌದೌದು, ನನ್ನ ಕಾಲ್ಗುಣ,” ಎಂದಳು ಮಂಗಳ, ನಗಿಸುವುದಕ್ಕೆಂದು. ಯಾರೂ ನಗಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಆಯುಧಪೂಜೆ ಬಂತು. ಅಪ್ಪ ಲಾರಿ ಇಟ್ಟ ಕಾಲದಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಗಾಡಿ ತೊಳೆದು, ವಿಭೂತಿ ಬಳಿದು, ಕುಂಕುಮವಿಟ್ಟು, ಚಕ್ರಗಳಡಿ ನಿಂಬೆಹಣ್ಣು ಇಟ್ಟ ಮೇಲೆ ಮನೆಯ ಹಿರಿಯ ಬಾನೆಟ್ ತೆರೆದು, ಆಗತಾನೆ ಒಡೆದ ಕಾಯಿಯ ನೀರನ್ನು ಎಂಜಿನ್ನಿನ ಎಡಮಗ್ಗುಲಿಗೆ ಎರೆಯಬೇಕು. ಅಪ್ಪ ತೀರಿದ ಮೇಲೆ ಹಿರಿಯ ನಾನು. ರುದ್ರನ ಈ ಕಾರಿಗೂ ಹತ್ತು ವರ್ಷ ನಾನೇ ಎರೆದಿದ್ದೆ. ಈ ಸಲವೂ ಕಾಯಿ ಒಡೆದು ಬಾಗಿದೆ. ಪ್ರತಿವರ್ಷದಂತೆ ಪೂಜೆಗೆ ಬಂದು ಗೇಟಿನ ಬಳಿ ನಿಂತಿದ್ದ ದಸ್ತಗೀರ್ ಮೇಸ್ತ್ರಿ ದಡಬಡನೆ ಬಂದು ನನ್ನ ಮಣಿಕಟ್ಟು ಹಿಡಿದರು.

“ಅಲ್ಲಿ ಬ್ಯಾಡ ಸಾರ್. ಟೈರಿಗೆ ಹಾಕ್ರಿ.”

ನಲವತ್ತು ವರ್ಷಗಳಲ್ಲಿ ಅವರು ನನ್ನನ್ನು ಮುಟ್ಟಿ ತಡೆದದ್ದು ಅದೇ ಮೊದಲು. “ಯಾಕೆ ಮೇಸ್ತ್ರಿ?”

“ಯಾಕಂದ್ರ... ಸುಮ್ನೆ ಸಾರ್. ಟೈರಿಗೆ ಹಾಕಿದ್ರೂ ದೇವರು ಬ್ಯಾಡ ಅನ್ನಲ್ಲ.”

“ಮೇಸ್ತ್ರಿ, ಯಾಕೆ?”

ಅವರು ಮಂಗಳಳ ಕಡೆ, ಆರತಿತಟ್ಟೆಯ ಕಡೆ ನೋಡಿ ದನಿ ತಗ್ಗಿಸಿದರು. “ಆ ಕೆಳಗೆ ಅರ್ತಿಂಗ್ ಐತಲ್ಲ ಸಾರ್, ಎಂಜಿನ್ನಿಂದ ಬಾಡಿಗೆ ಹೋಗೋ ತಾಮ್ರದ ಪಟ್ಟಿ. ಗಾಡಿಯ ಕರೆಂಟೆಲ್ಲ ವಾಪಸು ಬರೋದು ಅದರ ಮೇಲೆ. ಕಾಯಿನೀರು, ಕುಂಕುಮ ಎಲ್ಲಾ ಇಳಿದು ಇಳಿದು ಅಲ್ಲಿ ಹಸಿರು ಕಿಲುಬು ಕಟ್ಟಿತ್ತು. ನಟ್ಟು ಕಾಣ್ತಾ ಇರ್ಲಿಲ್ಲ. ಅವತ್ತು ಅಮ್ಮಾರು ಆಯಿಲ್‌ಗೆ ಅಂತ ಬಂದಾಗ ನೋಡಿದೆ. ಮರಳುಕಾಗದ ಹಾಕಿ ಉಜ್ಜಿ ಬಿಗಿ ಮಾಡಿ ಕಳಿಸ್ದೆ.”

“ನನಗೆ ಯಾಕೆ ಹೇಳಲಿಲ್ಲ?”

“ಏನಂತ ಹೇಳ್ಲಿ ಸಾರ್? ನಿಮ್ಮ ಪೂಜೆಯಿಂದ ಗಾಡಿ ಕೆಟ್ಟೋತು ಅಂತ ನನ್ನ ಬಾಯಿಂದ ಬರಬೇಕಾ? ಅದೂ ನಿಮ್ಮ ತಂದೆಯವ್ರ ಕಾಲದ ಪದ್ಧತಿ. ಉಜ್ಜಿದ್ರೆ ಹೋಗೋ ಕಿಲುಬು, ಅದಕ್ಕೊಂದು ಮಾತು ಯಾಕೆ ಅಂತ ಸುಮ್ನಾದೆ. ರುದ್ರಣ್ಣಂದು ಲೈಸೆನ್ಸ್ ಅದಕ್ಕೇ ಹೋಗೈತೆ ಅಂತ ನನಗೆ ಅಲ್ಲಾನಾಣೆ ಗೊತ್ತಿಲ್ಲ. ಕಾಲಿಗೇನೋ ಆಗೈತೆ ಅಂತ ನೀವೇ ಹೇಳಿದ್ರಲ್ಲ.”

ನಾನೇ ಹೇಳಿದ್ದೆ. ಒಡೆದ ಕಾಯಿ ಕೈಯಲ್ಲಿ ಹಿಡಿದು ನಿಂತಿದ್ದಾಗ ಎಲ್ಲವೂ ಶಾಲೆಯ ಲೆಕ್ಕದಂತೆ ಬಿಡಿಸಿಕೊಂಡಿತು. ಪಟ್ಟಿಯ ಕಿಲುಬಿನಿಂದ ಮರಳುವ ವಿದ್ಯುತ್ತಿಗೆ ದಾರಿ ಕಿರಿದಾಗಿತ್ತು. ನಿಂತ ಗಾಡಿಯಲ್ಲಿ ಹರಿವು ಕಡಿಮೆ, ಹಾಗಾಗಿ ಪರೀಕ್ಷೆ ಮೂರು ಸಲವೂ ನಿರ್ದೋಷಿ ಎಂದಿತು. ಹೊರೆ ಹೆಚ್ಚಿ, ಎಂಜಿನ್ ಒಲೆದಾಗ ಆ ಸಂದಿಯಲ್ಲಿ ಅರ್ತಿಂಗ್, ಅಂದರೆ ಎಲ್ಲ ಅಳತೆಗೂ ಸೊನ್ನೆಯಾದ ನೆಲವೇ, ಕ್ಷಣಕಾಲ ಮೇಲೆದ್ದಿತು. ಎರಡು ಸೆನ್ಸರುಗಳೂ ತಮ್ಮ ಎತ್ತರವನ್ನು ಅಳೆಯುತ್ತಿದ್ದದ್ದು ಅದೇ ನೆಲದಿಂದ. ನೆಲ ನಡುಗಿತು, ಅದರ ಮೇಲೆ ನಿಂತ ಇಬ್ಬರು ಸಾಕ್ಷಿಗಳೂ, ಒಬ್ಬರನ್ನೊಬ್ಬರು ನೋಡದೆಯೇ, ಅವನು ನಡುಗುತ್ತಿದ್ದಾನೆ ಎಂದರು. ಅಪ್ಪನ ಲಾರಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ತಂತಿ. ಎಷ್ಟು ಕಾಯಿನೀರು ಎರೆದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ. ನಾನು ಕಾಲ ಬದಲಾದದ್ದನ್ನು ಕೇಂದ್ರದಲ್ಲಿ ಸಾರುತ್ತಿದ್ದವನು, ಮನೆಯಂಗಳದಲ್ಲಿ ಮರೆತಿದ್ದೆ.

ರುದ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಖದಲ್ಲಿ ಸಂತೋಷವಿರಲಿಲ್ಲ. “ಹಂಗಾದ್ರ ನನ್ನ ಕಾಲು...” ಎಂದು ಶುರುಮಾಡಿ ನಿಲ್ಲಿಸಿದ. ಮೂರು ತಿಂಗಳು ನಂಬಿದ ಕಾಯಿಲೆಯನ್ನು ಒಂದು ವಾಕ್ಯದಲ್ಲಿ ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ.

ಹಬ್ಬದ ರಜೆ ಮುಗಿದ ಮೊದಲ ಕೆಲಸದ ದಿನವೇ ನಾನು ಕೇಂದ್ರಕ್ಕೆ ಹೋದೆ. ಸಿಂಚನಾ ನನ್ನ ಮಾತನ್ನು ಕೊನೆಯವರೆಗೂ ಕೇಳಿದಳು. ಅವಳಿಗೆ ಅರ್ಥವಾಯಿತೆಂದು ಅವಳ ಕಣ್ಣು ಹೇಳಿತು.

“ಸಾರ್, ಕಿಲುಬು ಈಗ ಇದೆಯಾ?”

“ಇಲ್ಲ. ಮೇಸ್ತ್ರಿ ಉಜ್ಜಿಬಿಟ್ಟಿದ್ದಾರೆ. ಅವರನ್ನೇ ಕರೆತರುತ್ತೇನೆ, ಹೇಳುತ್ತಾರೆ.”

“ಮನುಷ್ಯರ ಹೇಳಿಕೆ ತಗೊಳ್ಳೋ ಹಾಗಿಲ್ಲ ಸಾರ್.” ಅವಳು ಮೇಜನ್ನು ನೋಡುತ್ತ ಹೇಳಿದಳು. “ಆ ಕಲಂ ಯಾರದು ಅಂತ ನಿಮಗೆ ಗೊತ್ತು.”

“ನಾನು ಹೇಳಿದರೂ?”

“ನೀವು ಅವರ ಅಣ್ಣ ಸಾರ್. ಗಾಡಿಯೇ ಹೇಳಬೇಕು.”

ಹಾಗಾದರೆ ಗಾಡಿಯೇ ಹೇಳಲಿ ಎಂದುಕೊಂಡೆ. ಅರವತ್ತೊಂಬತ್ತು ವರ್ಷದ ಮುದುಕನೊಬ್ಬ ಅದರ ಮುಂದಿನ ನಾಲ್ಕು ತಿಂಗಳು ಮಾಡಿದ್ದನ್ನು ಯಾರಾದರೂ ಕಂಡಿದ್ದರೆ ಭಕ್ತಿಯೆಂದೇ ತಿಳಿಯುತ್ತಿದ್ದರು. ಪ್ರತಿ ಶುಕ್ರವಾರ ಬಾನೆಟ್ ತೆರೆದು, ಒಂದು ಕಾಯಿ ಒಡೆದು, ಉಪ್ಪು ಬೆರೆಸಿದ ನೀರನ್ನು ಆ ತಾಮ್ರದ ಪಟ್ಟಿಯ ಮೇಲೆ ಎರೆದೆ. ಹಿಂದೆಲ್ಲ ಗಾಡಿ ಚೆನ್ನಾಗಿರಲೆಂದು ಎರೆಯುತ್ತಿದ್ದವನು ಈಗ ಕೆಡಲೆಂದು ಎರೆಯುತ್ತಿದ್ದೆ. ಟೀಚರ ಪ್ರಯಾಣವಿಲ್ಲದ ದಿನಗಳಲ್ಲಿ ನಾನೊಬ್ಬನೇ ಗಾಡಿ ತೆಗೆದುಕೊಂಡು ಭರಮಸಾಗರದ ಇಳಿಜಾರಿಗೆ ಹೋಗಿ ಬರುತ್ತಿದ್ದೆ. ಲೆಕ್ಕ ಸರಳವಾಗಿತ್ತು: ಓಡಿಸುವವನು ಬೇರೆ, ದೋಷ ಅದೇ, ಹಾಗಿದ್ದಲ್ಲಿ ದೋಷ ಗಾಡಿಯದು.

“ಭಾವಾರೆ, ಕಾಯಿ ಚಟ್ನಿಗೂ ಒಂದು ಹೋಳು ಉಳಿಸ್ರಿ,” ಎನ್ನುತ್ತಿದ್ದಳು ಮಂಗಳ. ಅವಳ ದನಿಯಲ್ಲಿ ಆಸೆಯಿತ್ತು. ರುದ್ರ ಜಗಲಿಯಿಂದ ನೋಡುತ್ತಿದ್ದ.

ಶಿವರಾತ್ರಿ ಕಳೆದ ಭಾನುವಾರ ಇಳಿಜಾರಿನಲ್ಲಿ ಎಂಜಿನ್ ಮುಗ್ಗರಿಸಿತು. ಹಳದಿ, ಅದರ ಬದಿಗೆ ಕೆಂಪು. ಈ ಸಲ ನನ್ನ ಕನ್ನಡಕ ಸರಿಯಾಗಿಯೇ ಇತ್ತು. ಗಾಡಿಯನ್ನು ಬದಿಗೆ ನಿಲ್ಲಿಸಿ, ಯಾರೂ ಇಲ್ಲದ ಆ ಬಯಲಿನಲ್ಲಿ ಗಟ್ಟಿಯಾಗಿ ನಕ್ಕೆ. ಆ ವಾರವಿಡೀ ಗಾಡಿ ನನಗೇ ಬೇಕೆಂದೆ. ಮಂಗಳ ಟೀಚರನ್ನು ಬಸ್ಸಿನಲ್ಲಿ ಕರೆದೊಯ್ದಳು. ಗುರುವಾರ ವಾಪಸು ಬರುವಾಗ ಟೀಚರ್ ಬಸ್ಸಿನಲ್ಲೇ ಬವಳಿ ಬಂದು ಬಿದ್ದರಂತೆ; ಯಾರೋ ಪುಣ್ಯಾತ್ಮರು ಸೀಟು ಬಿಟ್ಟುಕೊಟ್ಟು ಮಲಗಿಸಿದರಂತೆ. ಶನಿವಾರದ ಹೊತ್ತಿಗೆ ದೀಪ ಒಂಬತ್ತು ಸಲ ಹತ್ತಿತ್ತು. ನಡುವೆ ಅದೇ ದುರಸ್ತಿ ಕೇಂದ್ರದಿಂದ ಮೂರು ಚೀಟಿಗಳನ್ನೂ ತಂದೆ: ‘ದೋಷವಿಲ್ಲ’, ‘ದೋಷವಿಲ್ಲ’, ‘ದೋಷವಿಲ್ಲ’.

ನೋಟೀಸು ಬರುವ ಮುಂಚೆಯೇ ಸಿಂಚನಾ ಫೋನು ಮಾಡಿದಳು.

“ಸಾರ್, ನಿಮ್ಮ ಪರವಾನಗಿ ರದ್ದಾಗ್ತಿದೆ.”

“ಗಾಡಿಯದು ಅಂತ ಬರಲಿಲ್ಲವೇ? ಚಾಲಕ ಬದಲಾದರೂ ದೋಷ ಅದೇ ಇದೆಯಲ್ಲ.”

“ನಡುವೆ ಏಳು ತಿಂಗಳು ಮಂಗಳಮ್ಮ ಓಡಿಸಿದಾರೆ ಸಾರ್. ಒಂದು ದೀಪವೂ ಇಲ್ಲ. ಹಾಗಾಗಿ ಗಾಡಿ ಸರಿಯಾಗಿದೆ ಅಂತಲೇ ತಗೊಂಡಿದೆ. ದೋಷ ಬಂದಿರೋದು ನಿಮ್ಮಿಬ್ಬರ ಕೈಲಿ ಮಾತ್ರ. ನೀವಿಬ್ಬರೂ ಅಣ್ಣತಮ್ಮ ಅಂತ ದಾಖಲೆಯಲ್ಲಿದೆ. ವಂಶಪಾರಂಪರ್ಯ ಅಂತ ಬರೆದಿದೆ ಸಾರ್. ರುದ್ರಪ್ಪನವರ ಕಡತಕ್ಕೆ ಅದನ್ನೇ ಹೆಚ್ಚಿನ ಪುರಾವೆಯಾಗಿ ಸೇರಿಸಿಕೊಂಡಿದೆ. ಅವರ ಮಗಳು ಪರವಾನಗಿಗೆ ಅರ್ಜಿ ಹಾಕಿದ್ದರಲ್ಲ, ಅದನ್ನೂ ತಡೆಹಿಡಿದಿದೆ.”

ಫೋನು ಕೆಳಗಿಟ್ಟು ಜಗಲಿಗೆ ಬಂದೆ. ರುದ್ರನಿಗೆ ಹೇಳಿದೆ. ಅವನು ತಿಂಗಳುಗಟ್ಟಲೆ ಕೇಳದ ಒಂದು ನಗೆ ನಕ್ಕ. ಹಿತವಾದ ನಗೆಯಲ್ಲ ಅದು.

“ಅಂತೂ ಅಪ್ಪನ ಆಸ್ತಿ ಸಮಪಾಲು ಆತು ಬಿಡಣ್ಣ.”

“ಇನ್ನೂ ಒಂದು ದಾರಿಯಿದೆ,” ಎಂದೆ. ಆ ಹೊತ್ತಿನಲ್ಲೂ ನನ್ನೊಳಗಿನ ಎಂಜಿನಿಯರು ಸತ್ತಿರಲಿಲ್ಲ. “ಕಿಲುಬು ಹಾಗೆಯೇ ಇದೆ. ಮಂಗಳ ಒಂದು ವಾರ ಓಡಿಸಲಿ. ಅವಳಿಗೂ ದೀಪ ಹತ್ತುತ್ತದೆ. ಅವಳದು ನಮ್ಮ ರಕ್ತವಲ್ಲ. ಆಗ ಅವರು...”

“ಆಗ ಅವಳ ಲೈಸೆನ್ಸೂ ಹೋಕ್ಕೈತಿ,” ಎಂದ ರುದ್ರ. “ಗಂಡನ ಮನೆ ಗಾಳಿ ತಾಗೈತೆ ಅಂತ ಬರೀತಾರ. ಸಾಕು ಮಾಡು. ಮಂಗಳವಾರ ಟೀಚರ್ ಹೋಗಬೇಕು.”

ಅವನು ಎದ್ದ. ಗೋಡೆಗೂಡಿನಿಂದ ಹತ್ತನೇ ನಂಬರಿನ ಸ್ಪ್ಯಾನರು, ಒಂದು ತುಂಡು ಮರಳುಕಾಗದ ತೆಗೆದುಕೊಂಡು ಗಾಡಿಯ ಹತ್ತಿರ ಹೋದ. ಬಾನೆಟ್ ಎತ್ತಿ ಕಡ್ಡಿಗೆ ಆನಿಸಿದ. ನಾನು ನಾಲ್ಕು ತಿಂಗಳು ಸಾಕಿ ಬೆಳೆಸಿದ ಹಸಿರು ಅಲ್ಲಿತ್ತು, ಪಾಚಿ ಕಟ್ಟಿದ ಸಣ್ಣ ಕೊಳದಂತೆ. ನಮ್ಮ ಪರವಾದ ಏಕಮಾತ್ರ ಪುರಾವೆ. ಅವನು ಪಟ್ಟಿ ಬಿಚ್ಚಿ ಉಜ್ಜತೊಡಗಿದ. ಹಸಿರು ಪುಡಿ ಉದುರಿ ಅವನ ಪಾದದ ಮೇಲೆ ಬಿತ್ತು. ತಾಮ್ರ ಮೊದಲು ಮಾಸಲಾಗಿ, ಆಮೇಲೆ ಹೊಸ ಬಿಂದಿಗೆಯಂತೆ ಹೊಳೆಯಿತು.

ಕೊನೆಗೆ ನಟ್ಟು. ಕಡಲೆಕಾಳಿನಷ್ಟೇ ದೊಡ್ಡದು, ಕೂರಬೇಕಾದ ಜಾಗ ಎರಡು ಕಬ್ಬಿಣದ ಸಂದಿಯಲ್ಲಿ, ಕಣ್ಣಿಗೆ ಕಾಣದಲ್ಲಿ. ರುದ್ರ ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ತೋಳನ್ನು ಭುಜದವರೆಗೆ ಒಳಗಿಳಿಸಿ, ನೋಡದೆಯೇ ಮೊದಲ ಪ್ರಯತ್ನಕ್ಕೇ ಬೋಲ್ಟಿನ ಎಳೆಯ ಮೇಲೆ ಕೂರಿಸಿ ತಿರುಗಿಸಿದ. ಕೈ ಹೊರಗೆ ತೆಗೆದ ಮೇಲೆ ಅದನ್ನು ಬಿಸಿಲಿಗೆ ಚಾಚಿ ನೋಡಿಕೊಂಡ. ಬೆರಳುಗಳು ನೆಟ್ಟ ಗೂಟದಂತಿದ್ದವು.

ಆ ಕೈ ನಡುಗಲಿಲ್ಲ. ಅದನ್ನು ಕಂಡವನು ನಾನೊಬ್ಬ. ನನ್ನಂಥವನ ಮಾತನ್ನು ಒಪ್ಪಬಾರದೆಂದು ಬರೆದವನೂ ನಾನೇ.

“ಮಂಗಳ, ಸ್ಟಾರ್ಟ್ ಮಾಡು,” ಎಂದು ರುದ್ರ ಬಾನೆಟ್ ಇಳಿಸಿದ. ಅವಳು ಬಂದು, ಸೀಟನ್ನು ತನ್ನ ಅಳತೆಗೆ ಮುಂದೆ ಎಳೆದುಕೊಂಡು ಕೀಲಿ ತಿರುಗಿಸಿದಳು. ಫಲಕದ ದೀಪಗಳೆಲ್ಲ ಒಮ್ಮೆ ಹತ್ತಿ, ಒಂದೊಂದಾಗಿ ಆರಿದವು.